ಹೊಳೆಗೆ ಬಿಟ್ಟ ಕಾಗದ

ಈ ಕಥೆಯ ಗುರುವಿಗೆ ಗಡ್ಡವಿಲ್ಲ, ಜಟೆಯಿಲ್ಲ. ಮೂವತ್ತೊಂದು ವರ್ಷ ಅವರ ಕೊರಳಲ್ಲಿ ತೂಗಿದ್ದು ರುದ್ರಾಕ್ಷಿಯಲ್ಲ, ಒಂದು ಸೀಟಿ. ಹೆಸರು ದೊರೆಸ್ವಾಮಿ ಮೇಷ್ಟ್ರು. ಕಪಿಲಾ ಹೊಳೆಯ ದಂಡೆಯ ಸಣ್ಣ ಊರಿನ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸಿ, ವಯಸ್ಸಾದ ಮೇಲೆ ಹೊಳೆಯ ಮೆಟ್ಟಿಲ ಮೇಲೆ ಕೂತವರು.

ಶಿಷ್ಯ ಶಿವಮಾದು. ಶಿಷ್ಯ ಅಂದರೆ ಎಳೆಯನಲ್ಲ, ಅವನಿಗೂ ಐವತ್ತನಾಲ್ಕು.

ಅವನು ಅದೇ ಕಾಲೇಜಿನಲ್ಲಿ ಆಡಿದ, ಅಲ್ಲೇ ಚೆಂಡುಗಳಿಗೆ ಗಾಳಿ ಹಾಕಿದ, ಅಲ್ಲೇ ಸಹಾಯಕ ಕೋಚ್ ಆದ. ಮೇಷ್ಟ್ರು ನಿವೃತ್ತರಾದಾಗ ಹೆಡ್ ಕೋಚ್ ಆದ. ಆಮೇಲೆ ದೊಡ್ಡ ಕಾಲೇಜಿನವರು ಎರಡು ಸಲ ಕರೆದರು. ಎರಡು ಸಲವೂ ಅವನು ಹೋಗಲಿಲ್ಲ.

ಯಾಕೆಂದರೆ ಅವನ ಗುರು ಹೋಗಿರಲಿಲ್ಲ.

ಒಂದು ದಿನ ನಾಲ್ಕು ಗಂಟೆಯ ಹೊತ್ತಿಗೆ ಶಿವಮಾದು ಒಂದು ಚಿಪ್ಪು ರಸಬಾಳೆ ಹಿಡಿದುಕೊಂಡು ಹೊಳೆಗೆ ಬಂದ. ಹಣ್ಣನ್ನು ಮೇಷ್ಟ್ರ ಪಕ್ಕದಲ್ಲಿಟ್ಟು, ಒಂದು ಮೆಟ್ಟಿಲು ಕೆಳಗೆ ಕೂತ.

"ಮೇಷ್ಟ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು."

"ಓಡು ಅನ್ನೋದೊಂದು ಬಿಟ್ಟು ಇನ್ನೇನು ಬೇಕಾದ್ರೂ ಕೇಳು."

"ನಮ್ಮ ದಾಕ್ಷಾಯಿಣೀನ ಮಂಗಳೂರಿನ ಕಾಲೇಜಿನೋರು ಕರೆದಿದ್ದಾರೆ. ಹೆಡ್ ಕೋಚ್ ಆಗಿ ಬಾ ಅಂತ."

ದಾಕ್ಷಾಯಿಣಿ ಶಿವಮಾದುವಿನ ತಂಡದಲ್ಲೇ ಆಡಿ ಬೆಳೆದವಳು, ಆರು ವರ್ಷದಿಂದ ಅವನ ಸಹಾಯಕ ಕೋಚ್. ಚೆಂಡು ಕೈಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ತಿಳಿದಿರುವ ಹುಡುಗಿ ಎಂದು ಮೇಷ್ಟ್ರೇ ಒಮ್ಮೆ ಹೊಗಳಿದ್ದರು.

"ಭಲೇ! ಒಳ್ಳೇ ಸುದ್ದಿ ತಂದೆ," ಎಂದು ಮೇಷ್ಟ್ರು ಹಣ್ಣಿಗೆ ಕೈ ಹಾಕಿದರು.

"ಹೋಗ್ಬೇಡ ಅಂದಿದ್ದೀನಿ."

"ಅವಳೇನಂದ್ಲು?"

"ಯೋಚನೆ ಮಾಡ್ತೀನಿ ಸರ್ ಅಂದ್ಲು. ಇವತ್ತು ಸಂಜೆ ಐದರೊಳಗೆ ಅವರಿಗೆ ಉತ್ತರ ಹೇಳ್ಬೇಕಂತೆ."

"ಅವಳಿಗೆ ಹೋಗೋ ಆಸೆ ಇದ್ಯಾ?"

"ಕೇಳ್ಲಿಲ್ಲ."

"ಯಾಕೋ?"

"ಕೇಳಿದ್ರೆ ಇದೆ ಅಂದುಬಿಡ್ತಾಳೆ, ಮೇಷ್ಟ್ರೇ."

ಮೇಷ್ಟ್ರು ಅರ್ಧ ಸುಲಿದ ಹಣ್ಣನ್ನು ಹಾಗೇ ಹಿಡಿದುಕೊಂಡರು.

ಶಿವಮಾದು ಜೇಬಿನಿಂದ ಫೋನು ತೆಗೆದ. "ನನ್ನ ಮಾತಿಗಿಂತ ನಿಮ್ಮ ಮಾತು ಅವಳಿಗೆ ನಾಟುತ್ತೆ. ಬೆಂಗಳೂರಿನ ಕಾಗದ ಹರಿದು ಹೊಳೆಗೆ ಬಿಟ್ಟಿದ್ದನ್ನ ನಿಮ್ಮ ಬಾಯಲ್ಲೇ ಹೇಳಿಬಿಡಿ. ರೆಕಾರ್ಡ್ ಮಾಡ್ಕೊಂಡು ಈಗಲೇ ಅವಳಿಗೆ ಕಳಿಸ್ತೀನಿ."

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಮೇಷ್ಟ್ರಿಗೆ ಆ ಹೊತ್ತು ಬಂದಿತ್ತು. ಪಾಪ, ಶಿವಮಾದುವಿಗೆ ಅದು ಎಲ್ಲಿ ಗೊತ್ತಾಗಬೇಕು? ಅವರು ಮಾತು ಜೋಡಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ಫೋನನ್ನು ಅವರ ಮುಂದೆ ಹಿಡಿದ.

"ಆ ಕಥೆ ನನಗಿಂತ ನಿನಗೇ ಚೆನ್ನಾಗಿ ಬರುತ್ತೆ," ಎಂದರು ಮೇಷ್ಟ್ರು. "ನೀನೇ ಒಂದ್ಸಲ ಹೇಳು, ಕೇಳೋಣ."

ಶಿವಮಾದು ಹುರುಪಿನಿಂದಲೇ ಹೇಳಿದ. ಮೂವತ್ತನಾಲ್ಕು ವರ್ಷದ ಹಿಂದೆ ಬೆಂಗಳೂರಿನ ದೊಡ್ಡ ಕಾಲೇಜು ಮೇಷ್ಟ್ರನ್ನು ಹೆಡ್ ಕೋಚ್ ಆಗಿ ಬನ್ನಿ ಎಂದು ಕರೆಯಿತು. ಮನೆ ಕೊಡುತ್ತೇವೆ ಅಂದಿತು. ಕರೆದೊಯ್ಯಲು ಕಾರನ್ನೇ ಕಳಿಸುತ್ತೇವೆ ಅಂದಿತು. ಮೇಷ್ಟ್ರು ಇದೇ ಮೆಟ್ಟಿಲ ಮೇಲೆ ಕೂತು ಆ ಕಾಗದವನ್ನು ಚೂರು ಚೂರು ಮಾಡಿ ಹೊಳೆಗೆ ಬಿಟ್ಟರು. ಸಸಿ ನೆಟ್ಟವನೇ ನೀರು ಹಾಕಬೇಕು ಅಂದರು.

"ಕಾರು ಈ ಕಥೇಲಿ ಯಾವಾಗ ಸೇರ್ಕೊಳ್ತು?" ಎಂದು ಮೇಷ್ಟ್ರು ಕೇಳಿದರು.

"ನೀವೇ ಹೇಳಿದ್ರಲ್ಲ, ಬೀಳ್ಕೊಡುಗೆ ಸಭೇಲಿ."

"ನಾನೇ ಹೇಳಿದ್ನಾ?"

"ಎಲ್ರೂ ಅತ್ತುಬಿಟ್ರು, ಮೇಷ್ಟ್ರೇ."

ಮೇಷ್ಟ್ರು ಹಣ್ಣನ್ನು ಕೆಳಗಿಟ್ಟು, ಪಂಚೆಯ ತುದಿಯಲ್ಲಿ ಕೈ ಒರೆಸಿಕೊಂಡರು.

"ಕಾಗದ ಹರಿದಿದ್ದು ನಿಜ, ಮಾದು. ಹೊಳೆಗೆ ಬಿಟ್ಟಿದ್ದೂ ನಿಜ. ಅದರಲ್ಲಿ ಏನು ಬರೆದಿತ್ತು ಅಂತ ನೀನು ಯಾವತ್ತೂ ಕೇಳ್ಲಿಲ್ಲ."

"ಕೇಳೋದೇನು? ಬನ್ನಿ ಅಂತ ಬರೆದಿತ್ತು."

"ಬೇಡ ಅಂತ ಬರೆದಿತ್ತು."

ಶಿವಮಾದು ನಕ್ಕ. ಗುರುಗಳು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡ. ಮೇಷ್ಟ್ರು ನಗಲಿಲ್ಲ. ಅವನ ನಗುವೂ ಅಷ್ಟಕ್ಕೇ ನಿಂತಿತು.

"ನಾನೇ ಅರ್ಜಿ ಹಾಕಿದ್ದೆ ಕಣೋ. ಒಂದಲ್ಲ, ಮೂರು ಸಲ. ಮೊದಲೆರಡಕ್ಕೆ ಉತ್ತರವೇ ಇಲ್ಲ. ಮೂರನೇದಕ್ಕೆ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿದ್ರು. ವಿಷಾದಿಸುತ್ತೇವೆ ಅಂತ."

"ಮತ್ತೆ ನೀವು..."

"ಇಲ್ಲೇ ಕೂತು ಹರೀತಿದ್ದೆ. ಆಟ ಮುಗಿಸ್ಕೊಂಡು ನೀವೆಲ್ಲ ಕಾಲು ತೊಳೆಯೋಕೆ ಬಂದ್ರಿ. 'ಬೆಂಗಳೂರಿನ ಕಾಗದವಾ ಮೇಷ್ಟ್ರೇ? ನಮ್ಮನ್ನ ಬಿಟ್ಟು ಹೋಗ್ತೀರಾ?' ಅಂತ ಕೇಳಿದೋನು ನೀನೇ. ಕಣ್ಣಲ್ಲಿ ನೀರು ತುಂಬ್ಕೊಂಡಿದ್ದೆ. ಹೋಗಲ್ಲ ಕಣೋ ಅಂದೆ. ಅಲ್ಲೀವರೆಗೂ ಸುಳ್ಳಿರಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿಬಿಟ್ರು. ಆಮೇಲೆ ಬಾಯಿ ಮುಚ್ಕೊಂಡು ಇರ್ಬೇಕಿತ್ತು. 'ಎಷ್ಟು ಕರೆದ್ರೂ ಹೋಗಲ್ಲ' ಅಂದೆ."

ಮೇಷ್ಟ್ರು ಕಾಲು ನೀಡಿಕೊಂಡು ಮಾತು ಮುಂದುವರಿಸಿದರು.

"ಎಟುಕದ ದ್ರಾಕ್ಷಿ ಹುಳಿ ಅಂದ್ಕೊಂಡು ನರಿ ತನ್ನ ದಾರಿ ತಾನು ಹಿಡೀತಂತೆ. ಅದೇ ವಾಸಿ. ನಾನು ದ್ರಾಕ್ಷಿ ಕಿತ್ತು ದಾನ ಮಾಡಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ."

ಶಿವಮಾದು ಫೋನನ್ನು ಮೆಟ್ಟಿಲ ಮೇಲಿಟ್ಟ.

"ನನ್ನ ಹೆಂಡ್ತಿ ಸರೋಜ ಎರಡು ಸಲ ಪಾತ್ರೆ ಪಗಡೆ ಎಲ್ಲ ಕಟ್ಟಿಟ್ಟಿದ್ಲು, ಮೇಷ್ಟ್ರೇ. ಎರಡು ಸಲವೂ ಅವಳೇ ಬಿಚ್ಚಿದ್ಲು. ಮೊದಲ ಸಲ ಜಗಳ ಆಡಿದ್ಲು. ಎರಡನೇ ಸಲ ಒಂದು ಮಾತೂ ಆಡ್ಲಿಲ್ಲ. ಇವತ್ತಿಗೂ ಆ ವಿಷಯ ಎತ್ತಿಲ್ಲ."

"ಗೊತ್ತು."

"ಎರಡು ಸಲವೂ ನಿಮ್ಮ ಹತ್ರ ಬಂದು ಹೇಳಿದ್ದೆ. ಇಲ್ಲೇ ಕೂತು ಹೇಳಿದ್ದೆ."

"ಹೌದು. ಶಭಾಷ್ ಅಂದೆ. ಬೆನ್ನು ತಟ್ಟಿದೆ."

"ಯಾಕೆ ನಿಜ ಹೇಳ್ಲಿಲ್ಲ?"

"ಮೊದಲ ಸಲ ನಿನ್ನ ಮುಖ ಹಬ್ಬದ ದಿನದ ಹಾಗಿತ್ತು. ನಾಲಿಗೆ ಏಳ್ಲಿಲ್ಲ. ಇವನು ನಿಜವಾಗ್ಲೂ ಬಂದ ಕೆಲಸ ಬಿಟ್ಟನಲ್ಲ ಅಂತ ಹೊಟ್ಟೆಕಿಚ್ಚೂ ಆಯ್ತು."

"ಎರಡನೇ ಸಲ?"

"ಅಷ್ಟು ಹೊತ್ತಿಗೆ ನನಗೇ ನಂಬಿಕೆ ಬಂದುಬಿಟ್ಟಿತ್ತು, ಮಾದು."

ಶಿವಮಾದು ಎದ್ದ. ನೀರಿನ ತನಕ ಇಳಿದು ಹೋಗಿ ಮುಖ ತೊಳೆದ. ಕಿರುಚಬೇಕು ಅನ್ನಿಸಿತು. ಆದರೆ ಮೇಲೆ ಕೂತಿದ್ದವರಿಗೆ ಎಂಬತ್ತೊಂದು. ಕಾಲು ಊದಿತ್ತು, ಬನಿಯನ್ನಿನ ಹೆಗಲು ಹರಿದಿತ್ತು. ಈ ಮನುಷ್ಯನ ಮೇಲೆ ಎಲ್ಲಿ ಅಂತ ಸಿಟ್ಟು ಇಳಿಸುವುದು? ಅವನಿಗೆ ಅಳು ಬಂತು.

"ನಿಮ್ಮ ಸುಳ್ಳಿನ ಮೇಲೆ ನನ್ನ ಬದುಕು ಕಟ್ಟಿಕೊಂಡೆ," ಎಂದ ಅಲ್ಲಿಂದಲೇ.

"ಹೌದು."

ನಿನ್ನ ಒಳ್ಳೆಯದಕ್ಕೇ ಆಯಿತು, ಇಲ್ಲಿದ್ದು ಎಷ್ಟು ಮಕ್ಕಳನ್ನು ತಯಾರು ಮಾಡಿದೆ ಎಂದೆಲ್ಲ ಮೇಷ್ಟ್ರು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ.

ಶಿವಮಾದು ಮೆಟ್ಟಿಲು ಹತ್ತಿ ಮತ್ತೆ ಅದೇ ಜಾಗದಲ್ಲಿ ಕೂತ.

"ಬೈಯೋದಿದ್ರೆ ಆಮೇಲೆ ಬೈ," ಎಂದರು ಮೇಷ್ಟ್ರು. "ಈಗ ಒಂದು ಕೇಳ್ತೀನಿ. ನಾನು ಆ ಸುಳ್ಳು ಹೇಳದೆ ಇದ್ದಿದ್ರೆ, ನೀನು ಹೋಗ್ತಿದ್ಯಾ?"

ಹೋಗ್ತಿದ್ದೆ ಎನ್ನಲು ಶಿವಮಾದು ಬಾಯಿ ತೆರೆದ. ಮೊದಲ ಸಲ ಕರೆ ಬಂದಾಗ ಮೂರು ರಾತ್ರಿ ನಿದ್ದೆ ಬಂದಿರಲಿಲ್ಲ. ಅದು ನೆನಪಾಯಿತು.

"ಹೆದರಿಕೆ ಆಗಿತ್ತು," ಎಂದ. "ಇಲ್ಲಿ ಸೋತ್ರೆ ಮುಂದಿನ ವರ್ಷ ನೋಡೋಣ ಅಂತಾರೆ. ಅಲ್ಲಿ ಸೋತ್ರೆ ಗಂಟುಮೂಟೆ ಕಟ್ಟಿಸ್ತಾರೆ. ಆ ಹುಡುಗರು ನನ್ನ ಮಾತು ಕೇಳ್ತಾರೋ ಇಲ್ವೋ ಅಂತ."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಮತ್ತೇನು ಹೇಳ್ಕೊಂಡು ಬಂದೆ?"

"ಗುರುಗಳ ದಾರೀಲಿ ನಡೆದೆ ಅಂತ."

"ದಾಕ್ಷಾಯಿಣಿಗೂ ಹಾಗೇ ಹೇಳಿದ್ಯಾ?"

"ಅವಳಿಗೂ ಹಾಗೇ."

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಮೇಷ್ಟ್ರು ಅತ್ತ ನೋಡುತ್ತ ಕೇಳಿದರು: "ಅವಳನ್ನ ಯಾಕೆ ತಡೀತಿದ್ದೀಯ? ತಂಡಕ್ಕೆ ಕಷ್ಟ ಆಗುತ್ತೆ ಅಂತಾನಾ?"

"ಅದೂ ಇದೆ."

"ಇನ್ನೇನಿದೆ?"

ಶಿವಮಾದು ಫೋನನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಈ ಮಾತನ್ನು ಅವನು ತನಗೇ ತಾನು ಹೇಳಿಕೊಂಡಿರಲಿಲ್ಲ.

"ಅವಳು ಹೋಗಿ ಗೆದ್ದುಬಿಟ್ರೆ ನಾನು ಇಲ್ಲಿ ಉಳಿದಿದ್ದು ಯಾತಕ್ಕೆ, ಮೇಷ್ಟ್ರೇ?"

ಮೇಷ್ಟ್ರು ಅವನ ತಲೆಯ ಮೇಲೆ ಕೈ ಇಟ್ಟರು. ಆಶೀರ್ವಾದಕ್ಕೆ ಇಟ್ಟ ಕೈಯಲ್ಲ ಅದು. ತಪ್ಪು ಮಾಡಿದವನ ಕೈ.

"ಗಂಟೆ ಎಷ್ಟು?"

"ನಾಲ್ಕು ಇಪ್ಪತ್ತು."

"ಹಾಗಾದ್ರೆ ಅವಳಿಗೆ ಫೋನ್ ಮಾಡು."

ಶಿವಮಾದು ಮಾಡಿದ. ಮೇಷ್ಟ್ರಿಗೆ ಕಿವಿ ಮಂದ, ಅದಕ್ಕೇ ಸ್ಪೀಕರ್ ಹಾಕಿದ. ಒಂದೇ ರಿಂಗಿಗೆ ದಾಕ್ಷಾಯಿಣಿ ಎತ್ತಿಕೊಂಡಳು.

"ಸರ್, ನಾನೇ ಮಾಡೋಳಿದ್ದೆ. ಬರಲ್ಲ ಅಂತ ಮಧ್ಯಾಹ್ನವೇ ಬರೆದು ಕಳಿಸಿಬಿಟ್ಟೆ."

ಶಿವಮಾದು ಮೇಷ್ಟ್ರ ಮುಖ ನೋಡಿದ.

"ಅವರು ಐದು ಗಂಟೆ ತನಕ ಕಾಯ್ತೀವಿ, ಇನ್ನೊಂದ್ಸಲ ಯೋಚಿಸಿ ಅಂದ್ರು. ಏನೂ ಯೋಚನೆ ಇಲ್ಲ ಅಂದೆ. ಸರಿ ತಾನೇ ಸರ್?"

"ಹ್ಞೂಂ."

"ಒಂದು ವಿಷಯ ನಿಮಗೆ ಹೇಳಿರಲಿಲ್ಲ. ತಪ್ಪು ತಿಳ್ಕೋಬೇಡಿ. ಹೋದ ಭಾನುವಾರ ಸುಮ್ನೆ ಅವರ ಕಾಲೇಜಿಗೆ ಹೋಗಿ ನೋಡ್ಕೊಂಡು ಬಂದೆ. ಒಳಾಂಗಣ ಕೋರ್ಟು ಸರ್, ಮರದ ನೆಲ. ಯಾರೂ ಇರ್ಲಿಲ್ಲ. ಚಪ್ಪಲಿ ಬಿಟ್ಟು ಒಂದು ಸುತ್ತು ನಡೆದೆ. ಅಷ್ಟೇ, ಬಂದುಬಿಟ್ಟೆ."

ಅವಳು ನಕ್ಕಳು. ಆ ನಗು ಮುಗಿಯಬೇಕಾದ ಕಡೆ ಮುಗಿಯದೆ, ಎಲ್ಲೋ ಮಧ್ಯದಲ್ಲೇ ನಿಂತುಹೋಯಿತು.

"ನಾನು ಹೋಗಲ್ಲ ಅಂದಿದ್ದಕ್ಕೆ ಅಮ್ಮ ಬೆಳಿಗ್ಗೆಯಿಂದ ಊಟ ಮಾಡಿಲ್ಲ. ಸರಿಹೋಗ್ತಾಳೆ ಬಿಡಿ. ನಿಮ್ಮ ಹಾಗೆ ಗಟ್ಟಿಯಾಗಿ ನಿಲ್ಲೋಕೆ ನನ್ನ ಕೈಲಾಗುತ್ತೋ ಇಲ್ವೋ ಅಂತಿದ್ದೆ. ಆಯ್ತು ಸರ್. ನಿಮಗೆ ಸಂತೋಷ ತಾನೇ?"

ಮೇಷ್ಟ್ರಿಗೆ ಅಂಥ ಕಾಗದ ಬಂದೇ ಇರಲಿಲ್ಲ ಕಣಮ್ಮ. ನಾನು ಗಟ್ಟಿಯಾಗಿ ನಿಲ್ಲಲಿಲ್ಲ, ಹೆದರಿ ನಿಂತೆ. ಅವರು ಇನ್ನೂ ಕಾಯುತ್ತಿದ್ದಾರೆ, ಬರುತ್ತೇನೆ ಅಂತ ಈಗಲೇ ಬರಿ. ಇಷ್ಟೂ ಮಾತು ಶಿವಮಾದು ಹೇಳಬೇಕಿತ್ತು. ಅವಳು ಆ ಕಡೆ ಕಾಯುತ್ತಿದ್ದಳು. ಅವಳ ಉಸಿರಾಟ ಕೇಳುತ್ತಿತ್ತು.

"ಒಳ್ಳೇದಾಯ್ತಮ್ಮ," ಎಂದ ಶಿವಮಾದು. "ನಾಳೆ ಪ್ರಾಕ್ಟೀಸಿಗೆ ಬೇಗ ಬಾ."

ಫೋನು ಇಟ್ಟ.

ಇಟ್ಟ ಮೇಲೆ ತಾನು ಏನು ಮಾಡಿದೆ ಎಂದು ಅವನಿಗೇ ಅರಿವಾಯಿತು. ಹತ್ತು ನಿಮಿಷದ ಹಿಂದೆ ಯಾಕೆ ನಿಜ ಹೇಳಲಿಲ್ಲ ಎಂದು ಗುರುವನ್ನು ಕೇಳಿದ ಬಾಯಿ ಇದೇ. ನಾಚಿಕೆಯಿಂದ ತಲೆ ತಗ್ಗಿಸಿದ. ಮೇಷ್ಟ್ರು ಬೈಯುತ್ತಾರೆ ಎಂದು ಕಾದ. ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಬೈಯಲಿಲ್ಲ. ಕೈಯೂರಿ, ಮಂಡಿ ಹಿಡಿದುಕೊಂಡು, ಕಷ್ಟಪಟ್ಟು ಒಂದು ಮೆಟ್ಟಿಲು ಕೆಳಗಿಳಿದು ಶಿಷ್ಯನ ಪಕ್ಕದಲ್ಲಿ ಕೂತರು. ಐದಕ್ಕೆ ಇನ್ನೂ ಅರ್ಧ ಗಂಟೆ ಇತ್ತು.

"ನಾನು ಸುಳ್ಳು ಹೇಳಿ ಇಲ್ಲಿಗೇ ನಿಲ್ಲಿಸಿಬಿಟ್ಟೆ, ಮಾದು," ಎಂದರು. "ನೀನು ಇನ್ನೊಂದು ಸಲ ಫೋನ್ ಮಾಡು."