ಉಗುಳಿದ ಗುಟುಕು

ಇಟಲಿಯ ಗುಡ್ಡದ ಸೀಮೆಯ ಒಂದು ಪೇಟೆಯಲ್ಲಿ ಗಾಸ್ಪರೆ ಎಂಬ ವೈನ್ ಪರೀಕ್ಷಕನಿದ್ದ. ಆ ಕಡೆ ಮನೆಮನೆಯಲ್ಲೂ ಕೆಂಪು ವೈನ್ ಮಾಡುವವರೇ. ಯಾರ ಪೀಪಾಯಿ ಒಳ್ಳೆಯದು, ಯಾರದು ಕೆಟ್ಟಿದೆ ಎಂದು ತಿಳಿಯಲು ವ್ಯಾಪಾರಿಗಳು ಗಾಸ್ಪರೆಯನ್ನೇ ಕರೆಸುತ್ತಿದ್ದರು. ಅವನು ಲೋಟವನ್ನು ಬೆಳಕಿಗೆ ಹಿಡಿಯುವನು, ಮೂಸುವನು, ಒಂದು ಗುಟುಕು ಬಾಯಿಗೆ ಹಾಕಿ ನಾಲಿಗೆಯ ಮೇಲೆ ಹೊರಳಿಸುವನು, ಆಮೇಲೆ ಪಕ್ಕದ ಬಕೆಟ್ಟಿಗೆ ಉಗುಳಿಬಿಡುವನು. ಆ ಕಸುಬಿನವರೆಲ್ಲ ಮಾಡುವುದು ಹಾಗೆಯೇ. ದಿನವಿಡೀ ರುಚಿ ನೋಡುವವನು ನುಂಗುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಅವನನ್ನೇ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಉಗುಳಿದ ಮೇಲೆ ಅವನು ದೋಷ ಹೇಳುತ್ತಿದ್ದ. ದೋಷವಿಲ್ಲದ ವೈನ್ ಅವನ ನಾಲಿಗೆಗೆ ಸಿಕ್ಕಿರಲೇ ಇಲ್ಲ. ಈ ಕಸುಬು ಅಂಗಡಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಅವನ ಬೆನ್ನು ಹತ್ತಿ ಮನೆಗೂ ಬಂತು. ಹೆಂಡತಿ ಬಡಿಸಿದ ತಟ್ಟೆಯ ಮುಂದೆ ಕೂತು, ಉಪ್ಪು ಹೆಚ್ಚು, ಬೆಂದದ್ದು ಕಡಿಮೆ ಎಂದು ತೀರ್ಪು ಕೊಡುತ್ತಿದ್ದ. ಪಾಪ, ಆಕೆ ಒಂದು ದಿನವೂ ಮೆಚ್ಚುಗೆಯ ಮಾತು ಕೇಳದೆಯೇ ತೀರಿಕೊಂಡಳು. ಈಗ ಅವನಿಗೆ ಉಳಿದವಳು ಮಗಳು ಕ್ಲೇಲಿಯ ಒಬ್ಬಳೇ. ಅವಳೆಂದರೆ ಅವನಿಗೆ ಜೀವ.

ಕ್ಲೇಲಿಯ ಪಕ್ಕದ ಹಳ್ಳಿಯ ರೈತ ಬರ್ತೋಲೊನ ಮಗನನ್ನು ಮೆಚ್ಚಿದಳು. ಮದುವೆಯ ಮಾತಿಗೆಂದು ಬರ್ತೋಲೊ ತಂದೆ ಮಗಳಿಬ್ಬರನ್ನೂ ಊಟಕ್ಕೆ ಕರೆದ. ಒಲೆಯ ಮೇಲೆ ಬೆಳಗಿನಿಂದ ಮಾಂಸ ಬೇಯುತ್ತಿತ್ತು. ಬರ್ತೋಲೊ ನೆಲಮಾಳಿಗೆಗೆ ಇಳಿದು, ದೂಳು ಹಿಡಿದ ಬಾಟಲಿಯೊಂದನ್ನು ಕೂಸನ್ನು ಎತ್ತಿಕೊಂಡು ಬರುವಂತೆ ತಂದ. ಎಲ್ಲರ ಲೋಟಕ್ಕೂ ಹಂಚಿದಾಗ ಅದು ಬರಿದಾಯಿತು.

ಊಟ ಬಡಿಸುವ ಮೊದಲೇ ಗಾಸ್ಪರೆಯ ಕೈ ತಾನಾಗಿ ಲೋಟ ಎತ್ತಿತು. ಬೆಳಕಿಗೆ ಹಿಡಿದ, ಮೂಸಿದ, ಇದ್ದಷ್ಟನ್ನೂ ಬಾಯಿಗೆ ಸುರಿದುಕೊಂಡು ಹೊರಳಿಸಿದ. ಕೈ ತೊಳೆಯಲೆಂದು ಪಕ್ಕದಲ್ಲಿ ಇಟ್ಟಿದ್ದ ತಾಮ್ರದ ಬೋಗುಣಿಗೆ ಉಗುಳಿದ. ಹುಳಿ ಜಾಸ್ತಿ, ಪೀಪಾಯಿಯೂ ಹಳೆಯದು ಎಂದ.

ಬರ್ತೋಲೊ ಖಾಲಿ ಬಾಟಲಿಯನ್ನು ಮೇಜಿನ ಮೇಲಿಟ್ಟು, ಇದು ಮಗ ಹುಟ್ಟಿದ ವರ್ಷದ ವೈನ್ ಎಂದು ತಿಳಿಸಿದ. ಆ ಸಲ ಅವನ ಹೆಂಡತಿ ತುಂಬು ಬಸುರಿ. ಬೇಡವೆಂದರೂ ಕೇಳದೆ ತೋಟಕ್ಕೆ ಬಂದು ದ್ರಾಕ್ಷಿ ಗೊಂಚಲು ಕೊಯ್ದಿದ್ದಳಂತೆ. ಮಗ ಹುಟ್ಟಿದ ಚಳಿಗಾಲದಲ್ಲೇ ಆಕೆ ಹೋದಳು. ಆಕೆ ಕೊಯ್ದ ಹಣ್ಣಿನದೆಂದು ಉಳಿದಿದ್ದದ್ದು ಈ ಒಂದೇ ಬಾಟಲಿ. ಮಗನ ಮದುವೆಯ ಮಾತಿಗೆಂದು ಅದನ್ನು ಕಾಪಾಡಿಕೊಂಡು ಬಂದಿದ್ದ.

“ದೋಷ ಹುಡುಕೋದು ನಿಮ್ಮ ಕಸುಬು. ಅದಕ್ಕೆ ನನ್ನ ತಕರಾರಿಲ್ಲ,” ಎಂದ ಬರ್ತೋಲೊ. “ಆದ್ರೆ ನಾಳೆ ನನ್ನ ಮಗನನ್ನೂ ಹೀಗೇ ರುಚಿ ನೋಡಿ ಉಗುಳಿದ್ರೆ ನಾನೇನು ಮಾಡ್ಲಿ? ಈ ಸಂಬಂಧದ ಮಾತು ಇಲ್ಲಿಗೇ ಬಿಡೋಣ.”

ಗಾಸ್ಪರೆ ವಾದಕ್ಕೆ ಬಾಯಿ ತೆರೆದ. ಹುಳಿ ಇದ್ದದ್ದು ನಿಜ ತಾನೇ? ಅಷ್ಟರಲ್ಲಿ ಅವನ ಕಣ್ಣು ಮಗಳ ಕಡೆ ಹೋಯಿತು. ಅವಳು ತಲೆ ಬಗ್ಗಿಸಿ ಇನ್ನೂ ಬಡಿಸದ ಖಾಲಿ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. ಅವಳ ಅಮ್ಮ ಎಷ್ಟೋ ವರ್ಷ ಕೂತಿದ್ದದ್ದು ಹೀಗೆಯೇ.

“ಅಪ್ಪಾ, ಒಂದೇ ಒಂದು ದಿನ ಚೆನ್ನಾಗಿದೆ ಅಂತೀರೇನೋ ಅಂತ ಅಮ್ಮ ಕೊನೇವರೆಗೂ ಕಾದ್ಲು,” ಎಂದಳು ಮೆಲ್ಲಗೆ.

ಗಾಸ್ಪರೆ ಎದ್ದು ನಿಂತು, ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಬರ್ತೋಲೊನ ಮುಂದೆ ಚಾಚಿದ. “ತಪ್ಪಾಯ್ತು ಬೀಗರೇ. ಊಟಕ್ಕೆ ಕರೆದ್ರೆ ಪರೀಕ್ಷೆಗೆ ಬಂದವನ ಹಾಗೆ ನಡ್ಕೊಂಡೆ. ಇನ್ನೊಂದು ಗುಟುಕು ಕೊಡಿ.”

ಬಾಟಲಿಯಲ್ಲಿ ಏನೂ ಉಳಿದಿರಲಿಲ್ಲ. ಬರ್ತೋಲೊ ತನ್ನ ಪಾಲಿನಲ್ಲಿ ಅರ್ಧವನ್ನು ಅವನ ಲೋಟಕ್ಕೆ ಬಗ್ಗಿಸಿ, ಮಾಂಸ ಬಡಿಸಲು ಮಗನಿಗೆ ಹೇಳಿದ.

ಗಾಸ್ಪರೆ ಒಂದು ತುತ್ತು ತಿಂದು ಒಂದು ಗುಟುಕು ಕುಡಿದ. ಈ ಸಲ ನುಂಗಿದ. ಸಾರಿಗೆ ಹುಳಿ ಬೇಕಾಗುವ ಹಾಗೆ ಆ ಕೊಬ್ಬಿನ ಮಾಂಸಕ್ಕೆ ವೈನಿನ ಹುಳಿ ಬೇಕಾಗಿತ್ತು. ಗುಟುಕು ಗಂಟಲಿಗೆ ಇಳಿದ ಮೇಲೆ ಹಣ್ಣಿನ ಸವಿ ನಿಧಾನಕ್ಕೆ ಮೇಲೆದ್ದು ಬಂತು. ಇಷ್ಟು ಕಾಲ ಉಗುಳಿಕೊಂಡೇ ಬಂದವನಿಗೆ ಅದು ಹೊಸತು. ಹೇಗಿದೆ ಎಂದು ಹುಡುಗ ಅಳುಕುತ್ತಲೇ ಕೇಳಿದ.

“ನಿಮ್ಮಮ್ಮನ ಕೈಗುಣ ದೊಡ್ಡದಪ್ಪಾ,” ಎಂದ ಗಾಸ್ಪರೆ. ಅವನ ಕಣ್ಣು ತುಂಬಿತ್ತು.

ಬರ್ತೋಲೊ ಮುಖ ಆ ಕಡೆ ತಿರುಗಿಸಿಕೊಂಡ. ಹಾಗೆ ತಿರುಗಿಕೊಂಡೇ, ಮದುವೆಯನ್ನು ದ್ರಾಕ್ಷಿ ಕೊಯ್ಲಿಗೆ ಮುಂಚೆ ಇಟ್ಟುಕೊಳ್ಳುವುದೋ ಆಮೇಲೋ ಎಂದು ಕೇಳಿದ.

ಗಾಸ್ಪರೆ ಕಸುಬನ್ನೇನೂ ಬಿಡಲಿಲ್ಲ. ಅಂಗಡಿಯಲ್ಲಿ ಎಂದಿನಂತೆ ಉಗುಳುತ್ತಿದ್ದ, ದೋಷ ಹೇಳುತ್ತಿದ್ದ. ಮದುವೆಯಾದ ಮೇಲೆ ಮಗಳು ತನ್ನ ಹೊಸ ಮನೆಗೆ ಅವನನ್ನು ಊಟಕ್ಕೆ ಕರೆದಳು. ಗಡಿಬಿಡಿಯಲ್ಲಿ ಸೂಪಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಗಾಸ್ಪರೆ ಎರಡು ಸಲ ಬಡಿಸಿಕೊಂಡು ಉಂಡ. ಚೆನ್ನಾಗಿದೆ ಎಂದ.

ನೀತಿ: ಗುಣದೋಷ ಅಳೆಯುವುದು ಕಸುಬಿಗೆ ಬೇಕು. ಆದರೆ ಪ್ರೀತಿಯಿಂದ ಬಡಿಸಿದ್ದನ್ನು ಅಳೆಯಲು ಕೂರಬಾರದು, ಮನಸಾರೆ ಸವಿಯಬೇಕು. ಮೆಚ್ಚುಗೆಯ ಮಾತನ್ನು ಕೇಳುವವರು ಬದುಕಿರುವಾಗಲೇ ಆಡಬೇಕು.