ಕವಣೆಯ ಕಲ್ಲಿನ ಅಹವಾಲು

“ಬುದ್ಧೀ, ನಿಮ್ಮ ಸುತ್ತಲೇ ಸುತ್ತಿ ಸಾಕಾಯಿತು. ನೀವು ಬಿಟ್ಟುಬಿಟ್ಟರೆ ನಾನು ನೆಟ್ಟಗೆ ಆ ಬೆಟ್ಟ ಸೇರುವುದಿಲ್ಲವೇ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ರೇವಣಯ್ಯ. ಅವನ ಗಂಟು ಕಟ್ಟಿ ಆಗಿತ್ತು. ಮೌನಕ್ಕಾಗಿ ಬೆಟ್ಟಕ್ಕೆ ಹೊರಟಿದ್ದ ಅವನು, ಆ ಬೆಳಿಗ್ಗೆಯಷ್ಟೇ ಊಟದ ಪಂಕ್ತಿಯಲ್ಲಿ ತನ್ನನ್ನು ಎರಡನೆಯವನಾಗಿ ಕೂರಿಸಿದರೆಂದು ಮಠದ ಅಡುಗೆಯವರೊಡನೆ ಜಗಳವಾಡಿದ್ದ. ಗುರು ಗಂಟನ್ನು ನೋಡಿ ಕತೆ ಶುರುಮಾಡಿದರು.

ಒಬ್ಬ ರೈತನಿಗೆ ಹೊಸ ಅಳಿಯ ಬಂದ. ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟುವ ಸಮಯ. ಕಾವಲು ತಪ್ಪಿದರೆ ತೆನೆಯೆಲ್ಲ ಗಿಳಿಗಳ ಪಾಲು, ಮನೆಗೆ ವರ್ಷದ ಕಾಳಿಲ್ಲ. ತಾನೇ ಕಾಯುತ್ತೇನೆಂದು ಅಳಿಯ ಅಟ್ಟಣೆ ಹತ್ತಿದ. ಕವಣೆಗೆ ಕಲ್ಲಿಟ್ಟು, ಒಂದು ಹುರಿಯನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಬಿಗಿಹಿಡಿದು ತಲೆಯ ಮೇಲೆ ಬೀಸತೊಡಗಿದ.

ಬಿಸಿಲಿಗೆ, ಕವಣೆಯ ಗುಂಯ್ ಎನ್ನುವ ಸದ್ದಿಗೆ ಅವನಿಗೆ ಜೊಂಪು ಹತ್ತಿತು. ಮೊದಲು ಕೈ ತಿರುಗುತ್ತಿತ್ತು. ಆಮೇಲೆ ಹೊಲ ತಿರುಗಿತು, ಸೂರ್ಯನೂ ತಿರುಗಿದ. ಆ ಜೊಂಪಿನಲ್ಲಿ ಕಲ್ಲು ಅಹವಾಲು ಹೇಳಿಕೊಂಡಿತು. ಎದುರಿಗೇ ಗಿಳಿಗಳು ಕಾಣುತ್ತಿವೆಯಂತೆ. ಈ ಹುರಿ ಎಳೆದು ಹಿಡಿಯದಿದ್ದರೆ ನೆಟ್ಟಗೆ ಅಲ್ಲಿಗೇ ಹಾರುತ್ತದಂತೆ. ಅಳಿಯನಿಗೆ ಅದು ನ್ಯಾಯವೆನಿಸಿತು. ಕಲ್ಲು ಗಿಳಿಗಳ ದಿಕ್ಕಿಗೆ ಬಂದಾಗ ಸರಿಯಾಗಿ ಹುರಿ ಬಿಟ್ಟ.

ಕಲ್ಲು ಗಿಳಿಗಳತ್ತ ಹೋಗಲಿಲ್ಲ. ಅಡ್ಡಕ್ಕೆ ಹೋಗಿ, ಬದುವಿನ ಮೇಲೆ ಕೂತಿದ್ದ ಮಾವನ ಮಜ್ಜಿಗೆ ಗಡಿಗೆ ಒಡೆಯಿತು. ಗಿಳಿಗಳು ಒಮ್ಮೆ ಕತ್ತು ಹೊರಳಿಸಿ ನೋಡಿ ಊಟ ಮುಂದುವರಿಸಿದವು. ಅಳಿಯ ಹುರಿಯನ್ನು ಬೈದ.

ಮಾವ ಮೀಸೆಯ ಮೇಲಿನ ಮಜ್ಜಿಗೆ ಒರೆಸಿಕೊಂಡು ಹೇಳಿದ: “ಅಳಿಯಂದಿರೇ, ಹುರಿಯದೇನು ತಪ್ಪು? ಅದು ಕಲ್ಲನ್ನು ಒಳಕ್ಕೆಳೆದು ತಿರುಗಿಸುತ್ತಿತ್ತು, ಅಷ್ಟೆ. ಬಿಟ್ಟ ಕಲ್ಲು ನೋಡುತ್ತಿದ್ದ ಕಡೆಗೆ ಹೋಗುವುದಿಲ್ಲ, ಆ ಗಳಿಗೆಯಲ್ಲಿ ಓಡುತ್ತಿದ್ದ ಕಡೆಗೆ ಹೋಗುತ್ತದೆ. ಇಳಿದು ಬನ್ನಿ. ಗಿಳಿಗಳಿಗಿಂತ ಮೊದಲು ನನ್ನನ್ನು ಓಡಿಸಬೇಡಿ.”

ಗುರು ಕತೆ ನಿಲ್ಲಿಸಿದರು.

“ಹಾಗಾದರೆ ನನ್ನನ್ನು ಬಿಡುವುದಿಲ್ಲವೇ?” ಎಂದ ರೇವಣಯ್ಯ.

ಅಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ರೇವಣಯ್ಯನ ಕಣ್ಣು ಬೆಟ್ಟದ ಮೇಲೇ ಇತ್ತು. ಕಾಲು ಮಾತ್ರ ಪಂಕ್ತಿಯ ಕಡೆಗೆ ಎರಡು ಹೆಜ್ಜೆ ಹಾಕಿಯಾಗಿತ್ತು.

“ಆಗಲೇ ಬಿಟ್ಟೆನಲ್ಲಪ್ಪ, ಎತ್ತ ಹೊರಟೆ ನೋಡಿಕೋ,” ಎಂದರು ಗುರು.