ಹಿಂದಿನಿಂದ ಬಂದ ಪಿಟೀಲು

"ಗುರುಗಳೇ, ಹನ್ನೆರಡು ವರ್ಷ ನಿಮ್ಮ ಬಳಿ ಕೂತು ಪಿಟೀಲು ಕಲಿತೆ. ಈಗೀಗ ನೀವು ನನ್ನಲ್ಲಿ ಒಂದು ತಪ್ಪನ್ನೂ ಹಿಡಿಯುತ್ತಿಲ್ಲ. ಇನ್ನು ನನ್ನದೇ ಒಂದು ಆಲ್ಬಂ ಮಾಡಬಹುದಲ್ಲವೇ?" ಎಂದು ಶಿಷ್ಯ ಸುಧನ್ವ ಕೇಳಿದ.

ಗುರುಗಳು ಕಮಾನನ್ನು ಕೆಳಗಿಟ್ಟು ಹೇಳತೊಡಗಿದರು.

ಒಬ್ಬ ಪಿಟೀಲುಗಾರನಿದ್ದ. ಮೂವತ್ತು ವರ್ಷ ಒಬ್ಬನೇ ಗಾಯಕನಿಗೆ ಪಕ್ಕವಾದ್ಯ ನುಡಿಸಿದ. ಪಕ್ಕವಾದ್ಯದವನ ಧರ್ಮ ನಿನಗೆ ಗೊತ್ತೇ ಇದೆ. ಆಲಾಪನೆಯಲ್ಲಿ ಗಾಯಕ ಮೊದಲು ಹಾಡಬೇಕು, ಪಿಟೀಲು ಅದನ್ನೇ ಹಿಂದಿನಿಂದ ನುಡಿಸಬೇಕು. ಇವನು ಹಾಗೆ ನುಡಿಸಿದರೆ ಗಾಯಕ ತುಂಬಿದ ಸಭೆಯಲ್ಲಿ ತೊಡೆ ತಟ್ಟಿ ಭೇಷ್ ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಇವನು ಜೀವ ತೇಯ್ದ. ಆದರೂ ಒಳಗೊಂದು ಆಸೆ ಕೊರೆಯುತ್ತಿತ್ತು. ಕಣ್ಣು ಮುಚ್ಚುವುದರೊಳಗೆ ನನ್ನದು ಎನ್ನುವಂಥದ್ದು ಒಂದನ್ನಾದರೂ ನುಡಿಸಬೇಕು.

ಗಾಯಕ ತೀರಿಕೊಂಡ. ವರ್ಷ ತುಂಬುವ ಮೊದಲೇ ಇವನು ಎಲೆಕ್ಟ್ರಿಕ್ ಪಿಟೀಲು ಕೊಂಡ. ಡ್ರಮ್ಸ್, ಬೇಸ್ ಗಿಟಾರ್, ಕೀಬೋರ್ಡಿನವರನ್ನು ಕೂಡಿಸಿದ. ರಾಗವೂ ಇರಲಿ, ಜಾಝ್ ಕೂಡ ಇರಲಿ, ಆದರೆ ಮುಂದೆ ನಡೆಯುವುದು ನನ್ನ ಪಿಟೀಲೇ ಎಂದ.

ಸ್ಟುಡಿಯೊದಲ್ಲಿ ಡ್ರಮ್ಸಿನವನು, "ನೀವು ಶುರು ಮಾಡಿ ಸಾರ್, ನಾವು ಹಿಂದೆ ಬರ್ತೀವಿ" ಎಂದ. ಇವನು ಕಮಾನು ಎತ್ತಿದ. ಎತ್ತಿದ್ದು ಎತ್ತಿದ ಹಾಗೇ ಉಳಿಯಿತು. ಯಾರಾದರೂ ಮೊದಲು ಹಾಡಲಿ ಎಂದು ಕೈ ಕಾಯುತ್ತಿತ್ತು. ಗಾಣದೆತ್ತಿನ ನೊಗ ಇಳಿಸಿದರೇನು, ಕಾಲು ಸುತ್ತುವುದನ್ನು ಮರೆಯುತ್ತದೆಯೇ? ಎರಡು ದಿನ ಹೀಗೇ ಹೋಯಿತು. ಅವನು ನಾಚಿಕೆಯಿಂದ ಹಿಡಿಯಷ್ಟಾದ.

ಮೂರನೆಯ ದಿನ ಗಾಯಕನ ಹಳೆಯ ಕಚೇರಿಯ ಧ್ವನಿಮುದ್ರಣ ತಂದ. ಅದು ತನ್ನ ಹೆಡ್‌ಫೋನಿಗೆ ಮಾತ್ರ ಬರುವಂತೆ ಮಾಡಿಸಿಕೊಂಡ. ಕಿವಿಯಲ್ಲಿ ಸತ್ತವನು ಹಾಡಿದ, ಇವನು ಹಿಂದಿನಿಂದ ನುಡಿಸಿದ. ನೀರು ಕುಡಿದಷ್ಟು ಸಲೀಸಾಗಿ ಆಲ್ಬಂ ಮುಗಿಯಿತು.

ಕೇಳಿದವರು ಕೊಂಡಾಡಿದರು. ಪಿಟೀಲು ನಡುನಡುವೆ ಸುಮ್ಮನಾಗುತ್ತದಲ್ಲ, ಅಂಥ ಸ್ವಂತಿಕೆ ಎಲ್ಲೂ ಕಂಡಿಲ್ಲ ಎಂದರು. ಸುಮ್ಮನಿದ್ದಾಗಲೆಲ್ಲ ಅವನು ಗಾಯಕನನ್ನು ಕೇಳಿಸಿಕೊಳ್ಳುತ್ತಿದ್ದ ಎಂದು ಅವರಿಗೇನು ಗೊತ್ತು! ಹೊಗಳಿಕೆ ಬಂದಷ್ಟೂ ಅವನ ಬಾಯಿ ಕಹಿಯಾಯಿತು. ಒಬ್ಬನೇ ಕೂತು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ. ತನ್ನದೊಂದು ಸ್ವರಕ್ಕಾಗಿ ಹುಡುಕಿದ, ಸಿಗಲಿಲ್ಲ. ಆಮೇಲೆ ಅವನು ಪಿಟೀಲು ಮುಟ್ಟಲಿಲ್ಲ.

ಕತೆ ಕೇಳಿ ಸುಧನ್ವನಿಗೆ ಸಿಟ್ಟು ಬಂತು. "ಆ ಗಾಯಕ ದೊಡ್ಡವನಲ್ಲವೇ? ಬದುಕಿದ್ದಾಗ ಒಮ್ಮೆಯಾದರೂ 'ನೀನು ನನ್ನದನ್ನೇ ನುಡಿಸುತ್ತಿದ್ದೀಯೆ, ಇದು ತಪ್ಪು' ಎಂದು ಹೇಳಬಾರದಿತ್ತೇ?"

"ತನ್ನದೇ ಸಂಗೀತ ಎರಡನೆಯ ಸಲ ಕಿವಿಗೆ ಬೀಳುವಾಗ ಯಾರು ತಪ್ಪು ಹಿಡಿಯುತ್ತಾರೆ, ನಿನ್ನಲ್ಲಿ ನಾನು ಹಿಡಿದೆನೇ?" ಎಂದರು ಗುರುಗಳು.